ಮಾತು ತಡವಾದ ಮಗು ಮತ್ತು ಶಾಲೆಯ ಮೊದಲ ದಿನ

ಮುಂಬಯಿಯ ಕನ್ನಡ ಮನೆಗಳಲ್ಲಿ ಮಗುವಿನ ಕಿವಿಗೆ ಒಂದೇ ಭಾಷೆ ಬೀಳುವುದು ಅಪರೂಪ. ಮನೆಯೊಳಗೆ ಕನ್ನಡ ಅಥವಾ ತುಳು, ಸೊಸೈಟಿಯ ಅಂಗಳದಲ್ಲಿ ಮರಾಠಿ, ಹಿಂದಿ, ನರ್ಸರಿಯಲ್ಲಿ ಇಂಗ್ಲಿಷ್. ಇಂತಹ ಮಗುವಿನ ಮಾತು ತಡವಾದರೆ ಹೆತ್ತವರಿಗೆ ಸಿಗುವ ಮೊದಲ ಸಲಹೆ, "ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಮಾತ್ರ ಆಡಿ" ಎಂಬುದು. ಈ ಸಲಹೆ ತಪ್ಪು. ಹಲವು ಭಾಷೆಗಳನ್ನು ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲವೆಂಬುದು ಸಂಶೋಧನೆಗಳಿಂದ ದೃಢಪಟ್ಟಿದೆ. ಮನೆಭಾಷೆಯನ್ನು ಕಿತ್ತುಕೊಂಡರೆ, ಅಜ್ಜಿ ತಾತಂದಿರೊಡನೆ ಮಗುವಿಗಿರುವ ಸಹಜ ಸಂಭಾಷಣೆಯೇ ನಿಂತುಹೋಗುತ್ತದೆ.

ಉಚ್ಚಾರಣೆಯ ತೊಂದರೆ ಬೇರೆ, ಭಾಷೆಯ ತೊಂದರೆ ಬೇರೆ. ಮೊದಲನೆಯದರಲ್ಲಿ ಮಗುವಿಗೆ ಹೇಳಬೇಕಾದುದು ಗೊತ್ತಿದ್ದರೂ ಧ್ವನಿಗಳು ಸರಿಯಾಗಿ ಹೊರಡುವುದಿಲ್ಲ. ಎರಡನೆಯದರಲ್ಲಿ ಅರ್ಥಮಾಡಿಕೊಳ್ಳುವುದು ಅಥವಾ ಪದ ಜೋಡಿಸುವುದೇ ಕಷ್ಟ. ಸಾಮಾನ್ಯವಾಗಿ 1 ವರ್ಷದ ಹೊತ್ತಿಗೆ ಮೊದಲ ಪದ, 2 ವರ್ಷಕ್ಕೆ ಎರಡು ಪದಗಳ ಜೋಡಣೆ, 4 ವರ್ಷಕ್ಕೆ ಅಪರಿಚಿತರಿಗೂ ಬಹುಮಟ್ಟಿಗೆ ತಿಳಿಯುವ ಮಾತು ಬರಬೇಕು. ಎಣಿಸುವಾಗ ಮಗು ಬಲ್ಲ ಎಲ್ಲ ಭಾಷೆಗಳ ಪದಗಳನ್ನೂ ಸೇರಿಸಿ ಎಣಿಸಬೇಕು. 'ರ'ಕಾರ ತಡವಾಗಿ ಬಂದರೆ ಗಾಬರಿ ಬೇಡ.

ನಾಲಿಗೆಗೆ ಬಜೆ ತೇಯ್ದು ಹಚ್ಚುವ ರೂಢಿ ನಮ್ಮಲ್ಲಿದೆ. "ಅವನ ತಂದೆಯೂ ತಡವಾಗಿಯೇ ಮಾತಾಡಿದ್ದು" ಎಂಬ ಸಮಾಧಾನವೂ ಇದೆ. ಇವೆರಡೂ ಕಿವಿಯ ಪರೀಕ್ಷೆಗೆ ಬದಲಿಯಲ್ಲ. ಕೇಳಿಸದ ಮಗು ಮಾತು ಕಲಿಯುವುದು ಕಷ್ಟವಾದ್ದರಿಂದ ಶ್ರವಣ ಪರೀಕ್ಷೆಯೇ ಮೊದಲ ಹೆಜ್ಜೆ. ಬಾಂದ್ರಾ ರೆಕ್ಲಮೇಶನ್‌ನಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಹಾಗೂ ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ, ವಾಕ್ ಚಿಕಿತ್ಸೆಗಳ ಸೌಲಭ್ಯವಿದೆ. ಕನ್ನಡದಲ್ಲಿಯೇ ಪರೀಕ್ಷೆ ಬಯಸುವವರು ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು.

ಶಾಲೆ ಆರಂಭವಾಗುವ ಕೆಲವು ತಿಂಗಳ ಮುಂಚೆಯೇ ಮನೆಯಲ್ಲಿ ಸಿದ್ಧತೆ ನಡೆಯಬೇಕು. ಮಗು "ನೀರು" ಎಂದರೆ "ನೀರು ಬೇಕಾ? ತಣ್ಣೀರು ಕೊಡಲಾ?" ಎಂದು ಅದರ ಮಾತನ್ನೇ ಬೆಳೆಸಿ ಹೇಳಿರಿ. "ಸರಿಯಾಗಿ ಹೇಳು" ಎಂದು ಗದರಬೇಡಿ. ತಪ್ಪಿದ ಪದವನ್ನು ನೀವು ಸರಿಯಾಗಿ ಉಚ್ಚರಿಸಿದರೆ ಸಾಕು. ಪ್ರಶ್ನೆ ಕೇಳಿದ ಬಳಿಕ ಉತ್ತರಕ್ಕಾಗಿ ಕಾಯಿರಿ. ತೊದಲುವ ಮಗುವಿನ ಮಾತನ್ನು ನೀವೇ ಪೂರ್ತಿಗೊಳಿಸಬೇಡಿ. ಶಿಶುಪ್ರಾಸ, ಚಿತ್ರಪುಸ್ತಕ, ಅಜ್ಜಿಯ ಕತೆ ಇವು ಮುಂದೆ ಅಕ್ಷರ ಕಲಿಕೆಗೂ ತಳಹದಿ.

ಬಾಯಾರಿಕೆ, ಶೌಚ, ನೋವು, "ನನಗೆ ಗೊತ್ತಾಗಲಿಲ್ಲ" – ಈ ನಾಲ್ಕನ್ನು ಶಾಲೆಯ ಭಾಷೆಯಲ್ಲಿ ಹೇಳಲು ಅಥವಾ ಸನ್ನೆ, ಚಿತ್ರಗಳಿಂದ ತೋರಿಸಲು ಕಲಿಸಿರಿ. ಮಗು ಮನೆಯಲ್ಲಿ ಬಳಸುವ ಪದಗಳ ಪಟ್ಟಿಯನ್ನು ಶಿಕ್ಷಕಿಗೆ ಕೊಡಿರಿ. "ಉಚ್ಚೆ" ಎಂದರೇನೆಂದು ಮರಾಠಿ ಶಿಕ್ಷಕಿಗೆ ತಿಳಿಯಬೇಕಲ್ಲವೇ? ಮುಂದಿನ ಸಾಲಿನಲ್ಲಿ ಕೂರಿಸುವಂತೆಯೂ ಕೋರಿರಿ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ವಾಕ್ ಮತ್ತು ಭಾಷಾ ವೈಕಲ್ಯವನ್ನೂ ಒಳಗೊಂಡಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವೆಣಿಸದೆ ಪ್ರವೇಶ ನೀಡಬೇಕು. ಆದರೆ ಮಾತು ತಡವಾದ ಅನೇಕ ಮಕ್ಕಳಿಗೆ ಬೇಕಾದುದು ಪ್ರಮಾಣಪತ್ರವಲ್ಲ, ಸಕಾಲದ ಚಿಕಿತ್ಸೆ ಮತ್ತು ಮನೆಯವರ ತಾಳ್ಮೆ. ನೆರೆಮನೆಯ ಮಗುವಿನೊಡನೆ ಹೋಲಿಸುವುದನ್ನು ಬಿಟ್ಟು, ದಿನಕ್ಕೆ ಅರ್ಧ ಗಂಟೆ ಟಿವಿ, ಮೊಬೈಲ್ ಬದಿಗಿಟ್ಟು ಮಗುವಿನೊಡನೆ ಕನ್ನಡದಲ್ಲಿ ಹರಟಿರಿ.