ಬರೆಯುವ ತಂತ್ರಾಂಶಕ್ಕೆ ಹತ್ತು ವರ್ಷದ ಲೆಕ್ಕ

ವರ್ಡ್ ಸೇರಿರುವ ಮೈಕ್ರೋಸಾಫ್ಟ್ 365ರ ಒಬ್ಬರ ಬಳಕೆಯ ಚಂದಾ ಭಾರತದಲ್ಲಿ ವರ್ಷಕ್ಕೆ ₹4,899 ಇತ್ತು. 2025ರಲ್ಲಿ ₹6,899 ಆಯಿತು. ಶೇ 40ಕ್ಕಿಂತ ತುಸು ಹೆಚ್ಚೇ ಏರಿಕೆ. ಇದರೊಂದಿಗೆ ಬಂದದ್ದು ಕೋಪೈಲಟ್ ಎಂಬ ಎಐ ಸಹಾಯಕ. ಆಸ್ಟ್ರೇಲಿಯಾದಲ್ಲೂ ಇದೇ ಚಂದಾ 109 ಡಾಲರಿನಿಂದ 159ಕ್ಕೆ ಹೋಯಿತು. ಕೋಪೈಲಟ್ ಇಲ್ಲದ ಹಳೆಯ ದರದ ಆಯ್ಕೆ ಇದ್ದರೂ ಅದನ್ನು ಸುಮಾರು 27 ಲಕ್ಷ ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಎಂದು ಅಲ್ಲಿನ ಗ್ರಾಹಕ ಆಯೋಗ 2025ರ ಅಕ್ಟೋಬರಿನಲ್ಲಿ ಕೋರ್ಟಿನ ಮೆಟ್ಟಿಲೇರಿತು.

2025ರ ಆ ದರವೇ ಉಳಿದರೂ ಹತ್ತು ವರ್ಷಕ್ಕೆ ₹68,990. ಸಂಘದ ನಡಾವಳಿ, ಅರ್ಜಿ, ತಿಂಗಳಿಗೊಂದೆರಡು ಲೇಖನ ಬರೆಯುವವರಿಗೆ ಇದು ದೊಡ್ಡ ಮೊತ್ತ. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ಗೆ ಈ ಖರ್ಚು ಸೊನ್ನೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಈ ತಂತ್ರಾಂಶಕ್ಕೆ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ 30,000 ಸರ್ಕಾರಿ ಕಂಪ್ಯೂಟರುಗಳನ್ನು ಬದಲಿಸುವುದಾಗಿ 2024ರಲ್ಲಿ ಘೋಷಿಸಿತು. ಅದೇ ದೇಶದ ಮ್ಯೂನಿಕ್ ನಗರಾಡಳಿತ ಸುಮಾರು 15,000 ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶಕ್ಕೆ ತಂದು, 2017ರಲ್ಲಿ ವಿಂಡೋಸ್‌ಗೇ ಮರಳಲು ತೀರ್ಮಾನಿಸಿತ್ತು. ಉಚಿತ ಎಂದಾಕ್ಷಣ ಎಲ್ಲವೂ ಸಲೀಸಲ್ಲ.

ಕನ್ನಡದಲ್ಲಿ ಬರೆಯುವವರ ಒಂದು ತೊಂದರೆಯಂತೂ ತಂತ್ರಾಂಶ ಬದಲಿಸಿದರೂ ಹೋಗುವುದಿಲ್ಲ. ವರ್ಡ್‌ನ ಡಾಕ್ಸ್ ಕಡತ ಅಸಲಿಗೆ ಒಂದು ಜಿಪ್ ಕಟ್ಟು. ಬಿಚ್ಚಿ ಒಳಗಿನ ಕಡತ ತೆರೆದರೆ ಅಕ್ಷರದ ಗಾತ್ರ ಎರಡು ಕಡೆ ಬರೆದಿರುವುದು ಕಾಣುತ್ತದೆ: ಇಂಗ್ಲಿಷಿನಂಥ ಲಿಪಿಗೆ ಒಂದು, ಕನ್ನಡದಂಥ ಸಂಕೀರ್ಣ ಲಿಪಿಗೆ ಇನ್ನೊಂದು. ಅದೂ ಅರ್ಧ ಪಾಯಿಂಟಿನ ಲೆಕ್ಕದಲ್ಲಿ. 12 ಪಾಯಿಂಟ್ ಅಂದರೆ ಅಲ್ಲಿ 24. ಫಾಂಟಿನ ಹೆಸರಿಗಂತೂ ನಾಲ್ಕು ಖಾನೆ. ಎಲ್ಲಿಂದಲೋ ನಕಲು ಮಾಡಿ ಅಂಟಿಸಿದ ಪ್ಯಾರಾದಲ್ಲಿ ಒಂದು ಖಾನೆ ತುಂಬಿ ಇನ್ನೊಂದು ಖಾಲಿ ಉಳಿದರೆ ಇಂಗ್ಲಿಷ್ ಅಕ್ಷರ ದೊಡ್ಡದಾಗುತ್ತದೆ, ಕನ್ನಡ ಇದ್ದಲ್ಲೇ ಇರುತ್ತದೆ. ಲಿಬ್ರೆಆಫೀಸ್‌ನಲ್ಲೂ ಇಂಥ ಮೂರು ಖಾನೆಗಳಿವೆ. ಸಾಲುಸಾಲಿಗೆ ಗಾತ್ರ ತಿದ್ದುತ್ತ ಕೂರುವ ಬದಲು ಸ್ಟೈಲ್‌ನಲ್ಲೇ ಎಲ್ಲ ಖಾನೆಗಳನ್ನೂ ಒಮ್ಮೆ ತುಂಬಿಸಿಡುವುದೇ ಇದಕ್ಕೆ ಮದ್ದು.

ಚಂದಾದ ಲೆಕ್ಕಕ್ಕಿಂತ ನನ್ನನ್ನು ಕಾಡುವುದು ಬೇರೊಂದು ಲೆಕ್ಕ. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದು, ಅದನ್ನು ಮಾಮೂಲಿ ಇಂಗ್ಲಿಷ್ ಫಾಂಟಿಗೆ ಬದಲಿಸಿ ನೋಡಿ. ಪಿ ಅಕ್ಷರ, ನೆತ್ತಿಯ ಮೇಲೆ ಓರೆಗೆರೆಯ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನಿನ ಒಂದು ಅಕ್ಷರ, ಕ್ಯೂ, ಮತ್ತೆ ಎ. ಒಟ್ಟು ಏಳು ಚಿಹ್ನೆ, ಏಳು ಬೈಟ್. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ. ಹುಡುಕಿದರೆ ಸಿಗುವುದಿಲ್ಲ, ಫಾಂಟ್ ಇಲ್ಲದವರಿಗೆ ಓದಲಾಗುವುದಿಲ್ಲ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡಿನಲ್ಲಿ ಅದೇ ಪದ ಐದು ಸಂಕೇತ: ಕ, ನ, ಹಲಂತ, ನ, ಡ. ಆ ಸಂಕೇತಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅಂದರೆ 15. ಜಾಗ ಎರಡರಷ್ಟಾಯಿತು ನಿಜ. ಆದರೆ 200 ಪುಟದ ಪುಸ್ತಕದಲ್ಲಿ ಪುಟಕ್ಕೆ 250 ಪದ, ಪದಕ್ಕೆ 8 ಸಂಕೇತ ಎಂದಿಟ್ಟುಕೊಂಡರೂ ಆಗುವುದು ಸುಮಾರು 12 ಲಕ್ಷ ಬೈಟ್. ಫೋನಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ.

ಯುನಿಕೋಡಿಗೆ ಕನ್ನಡ ಸೇರಿದ್ದು 1991ರಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ಸಿಕ್ಕಿದ್ದರಿಂದಲೇ ಊರೂರಲ್ಲಿ ಕನ್ನಡ ಟೈಪಿಂಗ್ ಬೆಳೆಯಿತು. ಆ ಉಪಕಾರ ಸಣ್ಣದಲ್ಲ. ಆದರೆ 2001ರಲ್ಲಿ ಕೊನೆಯ ಆವೃತ್ತಿ ಕಂಡ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಯುನಿಕೋಡ್ ಕನ್ನಡವನ್ನು ಜೋಡಿಸಲಾರದು. ಆ ಒಂದು ಕಾರಣಕ್ಕೆ, ಯುನಿಕೋಡಿನಲ್ಲಿ ಬರೆದ ಹಸ್ತಪ್ರತಿಯನ್ನೂ ಡಿಟಿಪಿಯವರು ಹಳೆಯ ಫಾಂಟಿಗೆ ತಿರುಗಿಸುತ್ತಾ ಬಂದರು. ಇನ್‌ಡಿಸೈನ್ 2012ರ ಸಿಎಸ್6ರಿಂದ ನಮ್ಮ ಲಿಪಿಗಳನ್ನು ಯುನಿಕೋಡಿನಲ್ಲೇ ಜೋಡಿಸುತ್ತದೆ. ಉಚಿತವಾದ ಸ್ಕ್ರೈಬಸ್‌ನ 2024ರ 1.6 ಆವೃತ್ತಿಯೂ ಅಷ್ಟೇ. ಇನ್ನು ನೆಪ ಹೇಳುವಂತಿಲ್ಲ.

ಹಾಗಾಗಿ ಒಬ್ಬರೇ ಬರೆಯುವವರಾದರೆ ಲಿಬ್ರೆಆಫೀಸ್, ಯುನಿಕೋಡ್ ಫಾಂಟ್, ಒಡಿಟಿ ಕಡತ ಸಾಕು. ಒಡಿಟಿಯ ಒಳರಚನೆ 2006ರಿಂದ ಐಎಸ್‌ಒ ಮಾನಕ. ಸಂಪಾದಕರು ವರ್ಡ್‌ನಲ್ಲೇ ತಿದ್ದಿ ಕಳಿಸುವವರಾದರೆ ವರ್ಡ್ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ, ಏಕೆಂದರೆ ತಿದ್ದುಗುರುತುಗಳು ಎರಡರ ನಡುವೆ ಓಡಾಡುವಾಗ ಏರುಪೇರಾಗಬಹುದು. ಯಾವುದನ್ನೇ ಆರಿಸಿ, ಡಿಟಿಪಿಗೆ ಕೊಟ್ಟ ಮೇಲೆ ಕೊನೆಯ ತಿದ್ದುಪಡಿಯಾದ ಪಠ್ಯವನ್ನು ಯುನಿಕೋಡಿನಲ್ಲೇ ವಾಪಸು ಕೇಳಿ ಪಡೆಯಬೇಕು.

ಕೇಳದಿದ್ದರೆ ಏನಾಗುತ್ತದೆ? ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡಿಗೆ ತರುವ ಪರಿವರ್ತಕಗಳೇನೋ ಉಚಿತ. ಆದರೆ ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ, ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾರುತ್ತವೆ; ಪ್ರತಿ ಪುಟವನ್ನೂ ಕಣ್ಣಿಟ್ಟು ಓದಲೇಬೇಕು. ಪುಟಕ್ಕೆ ಬರೀ ಆರು ನಿಮಿಷ ಹಿಡಿದರೂ 200 ಪುಟಕ್ಕೆ 20 ಗಂಟೆ. ಅಂಥ 50 ಪುಸ್ತಕಗಳಿರುವ ಸಣ್ಣ ಪ್ರಕಾಶನಕ್ಕೆ 1,000 ಗಂಟೆ, ದಿನಕ್ಕೆ ಎಂಟರಂತೆ 125 ದಿನಗಳ ದುಡಿಮೆ. ಒಮ್ಮೆಗೇ ಆಗುವ ಕೆಲಸವಲ್ಲ. ಮರುಮುದ್ರಣಕ್ಕೆ ಬಂದ ಪುಸ್ತಕದಿಂದಲೇ ಶುರುಮಾಡಬಹುದು, ಹೇಗೂ ಅದರ ಕರಡು ಓದಲೇಬೇಕಲ್ಲ.