ಜಾಯಿಕಾಯಿಯ ನಾಡು ಗ್ರೆನಡಾ

ಗ್ರೆನಡಾದ ಬಾವುಟದ ಎಡಬದಿಯ ಹಸಿರು ತ್ರಿಕೋನದಲ್ಲಿ ಒಂದು ಜಾಯಿಕಾಯಿ ಇದೆ. 1974ರ ಫೆಬ್ರುವರಿ 7ರಂದು ಬ್ರಿಟಿಷರಿಂದ ಸ್ವತಂತ್ರವಾದ ಈ ಕೆರಿಬಿಯನ್ ದೇಶದ ವಿಸ್ತೀರ್ಣ ಬರೀ 344 ಚದರ ಕಿ.ಮೀ. ಜಾಯಿಕಾಯಿ ಇಲ್ಲಿನ ಮೂಲದ್ದಲ್ಲ, ಇಂಡೊನೇಷ್ಯಾದ ಬಾಂಡಾ ದ್ವೀಪಗಳದ್ದು. 19ನೇ ಶತಮಾನದಲ್ಲಿ ಹಡಗೇರಿ ಬಂದು, ಜ್ವಾಲಾಮುಖಿಯ ಮಣ್ಣು ಹಿಡಿಸಿ ಇಲ್ಲಿಯದೇ ಆಯಿತು.

ದ್ವೀಪದ ನಡುವೆ ಮಳೆಕಾಡಿನ ಬೆಟ್ಟ. ಅಲ್ಲಿ ಆರಿದ ಜ್ವಾಲಾಮುಖಿಯ ಬಾಯಲ್ಲಿ ನಿಂತ ಗ್ರ್ಯಾಂಡ್ ಎಟಾಂಗ್ ಸರೋವರ. ಇಳಿಜಾರಿನಲ್ಲಿ ಜಾಯಿಕಾಯಿ, ಕೋಕೊ, ಬಾಳೆ. ಕೆಳಗೆ ಗ್ರ್ಯಾಂಡ್ ಆನ್ಸ್‌ನ ಬಿಳಿ ಮರಳಿನ ಕಡಲತೀರ.

ಪಶ್ಚಿಮ ಕರಾವಳಿಯ ಗ್ವಾವ್ ಮೀನುಗಾರರ ಊರು. ಬೆಳೆಗಾರರ ಸಹಕಾರ ಸಂಘದ ಜಾಯಿಕಾಯಿ ಸಂಸ್ಕರಣಾ ಕೇಂದ್ರ ಇರುವುದೂ ಇಲ್ಲೇ. ಕೆಂಪು ಜಾಪತ್ರೆ ಬಿಡಿಸಿದ ಬೀಜಗಳನ್ನು ಮರದ ಹಲಗೆಗಳ ಮೇಲೆ ವಾರಗಟ್ಟಲೆ ಒಣಗಿಸುತ್ತಾರೆ. ಚಿಪ್ಪು ಒಡೆದು ತೆಗೆದ ತಿರುಳನ್ನು ನೀರಿಗೆ ಹಾಕಿದರೆ ಮುಳುಗಿದ್ದು ಉತ್ತಮ ದರ್ಜೆ, ತೇಲಿದ್ದು ಕೆಳದರ್ಜೆ. ಕೈಯಲ್ಲೇ ಆರಿಸಿದ ಕಾಯಿ ಗೋಣಿಚೀಲ ಸೇರುತ್ತದೆ. ಹಣ್ಣಿನ ಸಿಪ್ಪೆಯೂ ವ್ಯರ್ಥವಲ್ಲ, ಜಾಮ್ ಆಗುತ್ತದೆ. ರಮ್ ಪಂಚ್ ಲೋಟದ ಮೇಲಂತೂ ತುರಿದ ಜಾಯಿಕಾಯಿ ಬೀಳಲೇಬೇಕು.

ರಾಷ್ಟ್ರೀಯ ಖಾದ್ಯ ‘ಆಯಿಲ್ ಡೌನ್’ ನಮ್ಮ ಕರಾವಳಿಯವರಿಗೆ ಅಪರಿಚಿತವೆನಿಸದು. ಜೀಗುಜ್ಜೆ, ಕೆಸುವಿನ ಎಲೆ, ಅರಿಸಿನ, ಉಪ್ಪು ಹಾಕಿಟ್ಟ ಮಾಂಸ ಅಥವಾ ಮೀನು, ಹಿಟ್ಟಿನ ಕಡುಬು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಪದರಪದರವಾಗಿ ಜೋಡಿಸಿ, ಕಾಯಿಹಾಲು ಇಂಗಿ ತಳದಲ್ಲಿ ಎಣ್ಣೆ ಉಳಿಯುವವರೆಗೆ ಬೇಯಿಸುತ್ತಾರೆ. ಜೀಗುಜ್ಜೆಯನ್ನು ಪೆಸಿಫಿಕ್‌ನಿಂದ ಕೆರಿಬಿಯನ್‌ಗೆ ತರಿಸಿದ್ದು ತೋಟದ ಗುಲಾಮರಿಗೆ ಅಗ್ಗದ ಊಟವೆಂದು. ಇಂದು ಅದೇ ನೆಂಟರಿಷ್ಟರು ಕೂಡಿ ಉಣ್ಣುವ ಹಬ್ಬದಡುಗೆ.

ಆಗಸ್ಟ್‌ನ ಕಾರ್ನಿವಲ್‌ನಲ್ಲೂ ಇಂಥದೇ ತಿರುವು. ನಸುಕಿನಲ್ಲಿ ಮೈಗೆಲ್ಲ ಕಪ್ಪೆಣ್ಣೆ ಬಳಿದು, ಕೊಂಬಿನ ಶಿರಸ್ತ್ರಾಣ ತೊಟ್ಟು, ಸರಪಳಿ ಎಳೆಯುತ್ತ ‘ಜಾಬ್ ಜಾಬ್’ ವೇಷಧಾರಿಗಳು ಬೀದಿಗಿಳಿಯುತ್ತಾರೆ. ತಮ್ಮ ಹಿರಿಯರನ್ನು ದೆವ್ವಗಳೆಂದ ಧಣಿಗಳನ್ನು ಅದೇ ದೆವ್ವದ ವೇಷದಲ್ಲಿ ಅಣಕಿಸುವ ಕುಣಿತವಿದು.

2004ರ ಸೆಪ್ಟೆಂಬರ್‌ನಲ್ಲಿ ‘ಐವನ್’ ಚಂಡಮಾರುತ ಬಹುಪಾಲು ಜಾಯಿಕಾಯಿ ಮರಗಳನ್ನು ಉರುಳಿಸಿತು. ಅಲ್ಲಿಯವರೆಗೆ ಜಾಯಿಕಾಯಿ ಉತ್ಪಾದನೆಯಲ್ಲಿ ಗ್ರೆನಡಾ ಇಂಡೊನೇಷ್ಯಾದ ನಂತರದ ಸ್ಥಾನದಲ್ಲಿತ್ತು. ಹೊಸ ಸಸಿ ಫಲ ಕೊಡಲು ಏಳೆಂಟು ವರ್ಷ ಬೇಕು. ಗಂಡೋ ಹೆಣ್ಣೋ ಎಂಬುದೂ ಹೂಬಿಟ್ಟ ಮೇಲೆಯೇ ತಿಳಿಯುವುದು. ಅಡಿಕೆ ತೋಟದ ನಡುವೆ ಜಾಯಿಕಾಯಿ ನೆಟ್ಟ ನಮ್ಮವರಿಗೂ ಈ ಕಾಯುವಿಕೆ ಗೊತ್ತು. ಅಷ್ಟು ಕಾಯಲಾರದ ಹಲವರು ಕೋಕೊದತ್ತ ಹೊರಳಿದರು. ಬೀಜವನ್ನು ಹಾಗೆಯೇ ಹಡಗಿಗೆ ತುಂಬಿ ಕಳಿಸುವುದಷ್ಟೇ ಅಲ್ಲ, ದ್ವೀಪದಲ್ಲೇ ಹುರಿದು, ಅರೆದು ಚಾಕೊಲೇಟ್ ಮಾಡುವ ಸಣ್ಣ ಕಾರ್ಖಾನೆಗಳೂ ಈಗ ಇಲ್ಲಿವೆ. ಹಿಂದೆ ಹೊರಗಿನವರ ಪಾಲಾಗುತ್ತಿದ್ದ ಲಾಭದ ಒಂದಷ್ಟು ಭಾಗ ಇದರಿಂದ ಊರಲ್ಲೇ ಉಳಿಯುತ್ತಿದೆ.