ವರ್ಷಕ್ಕೊಮ್ಮೆ ಒಂದು ಕೈ ಸುಣ್ಣ

ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ಜಾಝ್ ಸಂಗೀತದ ತವರು. ಆ ಊರಿನ ಹಳೆಯ ಸ್ಮಶಾನಗಳೂ ಕಡಿಮೆ ಹೆಸರುವಾಸಿಯಲ್ಲ. ಸತ್ತವರನ್ನು ಮಣ್ಣಿಗಿಳಿಸುವ ಬದಲು ನೆಲದ ಮೇಲೆ ಇಟ್ಟಿಗೆಯಲ್ಲಿ ಕಟ್ಟಿದ, ಆಳೆತ್ತರದ ಸಮಾಧಿಗಳಲ್ಲಿ ಇಡುವುದು ಅಲ್ಲಿನ ರೂಢಿ. ಸಮಾಧಿಗೆ ಇಳಿಜಾರಾದ ಮಾಡು ಇದೆ, ಮುಂಬದಿಗೆ ಅಮೃತಶಿಲೆಯ ಫಲಕವಿದೆ, ಕೆಲವಕ್ಕೆ ಕಬ್ಬಿಣದ ಕಟಕಟೆಯೂ ಇದೆ. ಸಾಲುಗಳ ನಡುವೆ ಇಬ್ಬರು ಜೊತೆಯಾಗಿ ನಡೆಯಲು ಕಷ್ಟವಾಗುವಷ್ಟು ಇಕ್ಕಟ್ಟಾದ ಓಣಿಗಳು. ಪ್ರವಾಸಿಗರು ಬಂದು ಈ ಕಟ್ಟಡಗಳ ಚೆಲುವನ್ನು ಮೆಚ್ಚಿ ಹೋಗುತ್ತಾರೆ. ಅವರ ಕಣ್ಣಿಗೆ ಸುಲಭವಾಗಿ ಬೀಳದ ಸಂಗತಿ ಒಂದಿದೆ: ಇಷ್ಟು ಮೆದುವಾದ ಇಟ್ಟಿಗೆಯ ಕಟ್ಟಡಗಳು ಇನ್ನೂರು ವರ್ಷ ಆ ಮಳೆ, ಆ ಸೆಕೆಯಲ್ಲಿ ಉಳಿದಿದ್ದರೆ ಅದಕ್ಕೆ ಕಾರಣ ವರ್ಷ ವರ್ಷ ಬಕೆಟ್ಟು, ಕುಂಚ ಹಿಡಿದು ಬಂದ ಮನೆಮಂದಿ ಮತ್ತು ಅವರು ಬಳಿದ ಸುಣ್ಣ.

ಫ್ರೆಂಚರು 1718ರಲ್ಲಿ ಕಟ್ಟಿದ ಊರಿದು. ಒಂದು ಮಗ್ಗುಲಲ್ಲಿ ಮಿಸಿಸಿಪ್ಪಿ ನದಿ, ಇನ್ನೊಂದು ಮಗ್ಗುಲಲ್ಲಿ ಪಾಂಚರ್‌ಟ್ರೇನ್ ಸರೋವರ, ಉಳಿದದ್ದು ಜೌಗು. ಸ್ವಲ್ಪ ಅಗೆದರೂ ನೀರು ಒಸರುವ ನೆಲ. ಆದರೂ ಮೊದಮೊದಲು ಜನ ನೆಲದಲ್ಲೇ ಹೂಳುತ್ತಿದ್ದರು. ಊರು ಸ್ಪೇನಿನ ಆಳ್ವಿಕೆಯಲ್ಲಿದ್ದಾಗ, 1788ರಲ್ಲಿ ಬಿದ್ದ ಬೆಂಕಿ ಅಲ್ಲಿನ ಬಹುಪಾಲು ಮನೆಗಳನ್ನು ಸುಟ್ಟಿತು. ಮರುವರ್ಷ ಅಂದಿನ ಊರಿನ ಎಲ್ಲೆಯಾಚೆ ಹೊಸ ಸ್ಮಶಾನ ತೆರೆದರು. ಅದೇ ಇಂದಿನ ಸೇಂಟ್ ಲೂಯಿಸ್ ನಂಬರ್ 1. ಅದು ತುಂಬಿದಾಗ 1823ರಲ್ಲಿ ನಂಬರ್ 2, ಅನಂತರ 1854ರಲ್ಲಿ ನಂಬರ್ 3 ಬಂದವು. ಈ ನಡುವೆ 1833ರಲ್ಲಿ ಲಫಾಯೆಟ್ ಸ್ಮಶಾನವೂ ಸೇರಿಕೊಂಡಿತು. ನೆಲದ ಮೇಲೆ ಕಟ್ಟುವುದಕ್ಕೆ ನೀರೇ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಸ್ಪೇನ್, ಫ್ರಾನ್ಸ್‌ಗಳಲ್ಲಿ ಗೋಡೆಗೂಡುಗಳಲ್ಲಿ, ಕಟ್ಟಡಗಳಲ್ಲಿ ಶವ ಇಡುವ ಪದ್ಧತಿ ಮೊದಲೇ ಇತ್ತು. 1804ರಲ್ಲಿ ತೆರೆದ ಪ್ಯಾರಿಸ್‌ನ ಪೇರ್ ಲಾಶೇಜ್ ಸ್ಮಶಾನದ ಮಾದರಿಗಳನ್ನು ಫ್ರಾನ್ಸ್‌ನಿಂದ ಬಂದ ವಾಸ್ತುಶಿಲ್ಪಿ ಡಿ ಪುಯಿ 1830ರ ದಶಕದಲ್ಲಿ ಇಲ್ಲಿ ಬಳಕೆಗೆ ತಂದರು. ನೆಲದ ಕಷ್ಟಕ್ಕೆ ಹೊರನಾಡಿನ ಶೈಲಿ ಸರಿಯಾಗಿ ಒದಗಿಬಂತು.

ಸಾಮಾನ್ಯ ಕುಟುಂಬವೊಂದರ ಸಮಾಧಿಯಲ್ಲಿ ಒಂದರ ಮೇಲೊಂದರಂತೆ ಎರಡು ಗೂಡುಗಳು, ಅವುಗಳ ಕೆಳಗೆ ಒಂದು ಗುಳಿ. ಯಾರಾದರೂ ತೀರಿಕೊಂಡರೆ ಮೇಸ್ತ್ರಿ ಮೊದಲು ಫಲಕವನ್ನು ಬಿಚ್ಚಿ ಪಕ್ಕಕ್ಕಿಡುತ್ತಾನೆ. ಫಲಕದ ಹಿಂದೆ ಗಾರೆ ಮೆತ್ತಿದ ಇಟ್ಟಿಗೆ ತಡೆಗೋಡೆ ಇರುತ್ತದೆ. ಅದನ್ನು ಒಡೆದು, ಪೆಟ್ಟಿಗೆಯನ್ನು ಒಳಗೆ ಸರಿಸಿ, ಮತ್ತೆ ಇಟ್ಟಿಗೆ ಕಟ್ಟಿ, ಗಾರೆ ಮಾಡಿ, ಫಲಕ ಕೂರಿಸುತ್ತಾನೆ. ಒಮ್ಮೆ ಮುಚ್ಚಿದ ಗೂಡನ್ನು ಒಂದು ವರ್ಷ ಒಂದು ದಿನ ಕಳೆಯುವ ಮೊದಲು ತೆರೆಯುವಂತಿಲ್ಲ ಎಂಬುದು ಅಲ್ಲಿನ ಕಟ್ಟುಪಾಡು. ಅಷ್ಟು ಹೊತ್ತಿಗೆ ಬಿಸಿಲಿಗೆ ಕಾದ ಇಟ್ಟಿಗೆಯ ಒಳಗೆ ದೇಹ ಕರಗಿ ಮೂಳೆ ಮಾತ್ರ ಉಳಿದಿರುತ್ತದೆ. ಮುಂದಿನವರಿಗೆ ಜಾಗ ಬೇಕಾದಾಗ ಹಳೆಯ ಪೆಟ್ಟಿಗೆಯ ಮರ ತೆಗೆದು, ಮೂಳೆಗಳನ್ನು ಹಿಂಬದಿಯಿಂದ ಕೆಳಗಿನ ಗುಳಿಗೆ ಬಿಡುತ್ತಾರೆ. ಹೀಗೆ ಎರಡೇ ಗೂಡಿನ ಸಮಾಧಿಯಲ್ಲಿ ನಾಲ್ಕಾರು ತಲೆಮಾರಿನವರು ಒಟ್ಟಾಗಿ ಸೇರುತ್ತಾರೆ. ಅಜ್ಜಿ, ಮೊಮ್ಮಗ, ಮರಿಮಗಳ ಹೆಸರುಗಳು ಒಂದೇ ಫಲಕದಲ್ಲಿ, ಮೇಲಿನವು ಫ್ರೆಂಚಿನಲ್ಲಿ, ಕೆಳಗಿನವು ಇಂಗ್ಲಿಷಿನಲ್ಲಿ ಇರುವುದೂ ಉಂಟು.

ಸ್ವಂತ ಸಮಾಧಿ ಕಟ್ಟಿಸುವ ಶಕ್ತಿ ಇಲ್ಲದವರಿಗೆ ಸ್ಮಶಾನದ ಸುತ್ತುಗೋಡೆಯಲ್ಲೇ ಸಾಲುಸಾಲು ಗೂಡುಗಳಿದ್ದವು. ಕುಶಲಕರ್ಮಿಗಳು, ವಲಸೆ ಬಂದ ಇಟಲಿಯವರು ಸಂಘ ಕಟ್ಟಿಕೊಂಡು, ಚಂದಾ ಎತ್ತಿ, ಹತ್ತಾರು ಗೂಡುಗಳ ದೊಡ್ಡ ಸಮಾಧಿಗಳನ್ನು ಕಟ್ಟಿಸಿದರು. 1853ರ ಹಳದಿಜ್ವರದಲ್ಲಿ ಒಂದೇ ಬೇಸಿಗೆಯಲ್ಲಿ ಸುಮಾರು 8,000 ಮಂದಿ ಸತ್ತ ಊರಿನಲ್ಲಿ ಸಾವಿಗೆ ಜಾಗ ಹೊಂದಿಸಿಡುವುದೂ ಸಂಸಾರದ ಜವಾಬ್ದಾರಿಯಾಗಿತ್ತು. ಈ ಸಮಾಧಿಗಳ ಕಲ್ಲುಕೆಲಸದಲ್ಲಿ ಆಫ್ರಿಕಾ ಮೂಲದ ಕುಶಲಕರ್ಮಿಗಳ ಪಾಲು ದೊಡ್ಡದು. ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದ ಕಾಲದಲ್ಲಿ ಸ್ವತಂತ್ರನಾಗಿದ್ದ ಫ್ಲೋರ್‌ವಿಲ್ ಫೋಯ್ ಎಂಬ ಅಮೃತಶಿಲ್ಪಿ ತನ್ನದೇ ಕಾರ್ಯಾಗಾರ ಇಟ್ಟುಕೊಂಡಿದ್ದ. ಅವನ ಸಹಿ ಇರುವ ಫಲಕಗಳು ಇಂದಿಗೂ ಅಲ್ಲಿವೆ. ರೈಲಿನಲ್ಲಿ ಬಿಳಿಯರ ಬೋಗಿಯಲ್ಲಿ ಕುಳಿತು ವರ್ಣಭೇದದ ಕಾನೂನನ್ನು ಪ್ರಶ್ನಿಸಿ, 1896ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ ಹೋಮರ್ ಪ್ಲೆಸಿಯ ಸಮಾಧಿಯೂ ನಂಬರ್ 1ರಲ್ಲಿದೆ.

ಇನ್ನು ಸಾಮಗ್ರಿಯ ಮಾತು. ಊರಿನಲ್ಲಿ ಎರಡು ಬಗೆಯ ಇಟ್ಟಿಗೆ ಸಿಗುತ್ತಿತ್ತು. ನದಿಯ ಮೆಕ್ಕಲುಮಣ್ಣಿನದು ಕೆಂಪುಕಿತ್ತಳೆ ಬಣ್ಣದ್ದು, ಅಗ್ಗ, ತುಂಬ ಮೆದು. ಸರೋವರದ ಆಚೆ ದಡದಿಂದ ಬರುತ್ತಿದ್ದದ್ದು ಗಟ್ಟಿ. ಮೆದು ಇಟ್ಟಿಗೆ ನೀರು ಹೀರುತ್ತದೆ, ಬಯಲಿಗಿಟ್ಟರೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ಹಾಗಾಗಿ ಅದರ ಮೇಲೆ ಸುಣ್ಣ ಮರಳಿನ ಗಾರೆ, ಗಾರೆಯ ಮೇಲೆ ಸುಣ್ಣದ ಬಳಿತ. ಹತ್ತಿರದಲ್ಲಿ ಸುಣ್ಣಕಲ್ಲಿನ ಗುಡ್ಡಗಳಿಲ್ಲದ ನಾಡಾದ್ದರಿಂದ ಆರಂಭದಲ್ಲಿ ಚಿಪ್ಪುಗಳನ್ನು ರಾಶಿ ಹಾಕಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಕಪ್ಪೆಚಿಪ್ಪು ಸುಟ್ಟು ಸುಣ್ಣ ತೆಗೆಯುವುದು ನಮ್ಮ ಕರಾವಳಿಯವರಿಗೂ ಗೊತ್ತಿರುವ ವಿದ್ಯೆಯೇ.

ಚಿಪ್ಪಾಗಲಿ ಕಲ್ಲಾಗಲಿ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಬಿಟ್ಟರೆ ಬುಸುಗುಟ್ಟಿ, ಕುದಿದು, ಅರಳಿ ಬೆಣ್ಣೆಯಂಥ ಮುದ್ದೆಯಾಗುತ್ತದೆ. ಮುದ್ದೆಯನ್ನು ನೀರಿನಡಿಯಲ್ಲಿ ಹೆಚ್ಚು ಕಾಲ ಇಟ್ಟಷ್ಟೂ ಹದ ಚೆನ್ನಾಗಿ ಬರುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಬಣ್ಣ ಗೋಡೆಯ ಮೇಲೆ ಪೊರೆಯಾಗಿ ಕೂತರೆ ಸುಣ್ಣ ಗಾರೆಯೊಳಕ್ಕೇ ಇಳಿದು ಅದರ ಭಾಗವಾಗುತ್ತದೆ. ಕೂದಲೆಳೆಯ ಬಿರುಕುಗಳನ್ನು ತುಂಬುವುದೂ ಇದೇ.

ಕೆಲಸಕ್ಕೆ ಒಳ್ಳೆಯ ಕಾಲ ಅಕ್ಟೋಬರ್. ಬೇಸಿಗೆಯ ಬಿರುಬಿಸಿಲಲ್ಲಿ ಬಳಿದರೆ ಸುಣ್ಣ ಕಲ್ಲಾಗುವ ಮೊದಲೇ ಒಣಗಿ, ಮುಟ್ಟಿದರೆ ಕೈಗೆ ಹತ್ತುವ ಪುಡಿಯಾಗುತ್ತದೆ. ಮೊದಲು ಮಾಡಿನ ಸಂದಿಯಲ್ಲಿ ಬೇರುಬಿಟ್ಟ ಜರೀಗಿಡ, ಹುಲ್ಲುಗಳನ್ನು ಕತ್ತರಿಸಿ ತೆಗೆಯಬೇಕು. ಜೋರಾಗಿ ಕಿತ್ತರೆ ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಹಸಿರುಪಾಚಿಯನ್ನು ಮೆತ್ತನೆಯ ಬ್ರಷ್ಷಿನಿಂದ ನೀರು ಹಾಕಿ ಉಜ್ಜಬೇಕು. ತಂತಿಯ ಬ್ರಷ್ಷು ಗಾರೆಯನ್ನೇ ಕೆರೆಯುತ್ತದೆ. ಬ್ಲೀಚು ಅಂದಿಗೆ ಬೆಳ್ಳಗೆ ಮಾಡಿದರೂ ಒಳಗೆ ಉಪ್ಪು ಬಿಟ್ಟುಹೋಗುತ್ತದೆ. ಗಾರೆ ಎದ್ದಿದೆಯೇ ಎಂದು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಟೊಳ್ಳು ಸದ್ದು ಬಂದ ಕಡೆ ಬಿಡಿಸಿ ಹೊಸ ಗಾರೆ ಮೆತ್ತುತ್ತಾರೆ. ಆಮೇಲೆ ಗೋಡೆಯನ್ನು ಚೆನ್ನಾಗಿ ನೆನೆಸಬೇಕು. ಒಣಗೋಡೆಗೆ ಸುಣ್ಣ ಮುಟ್ಟಿಸಿದರೆ ಅದರ ನೀರನ್ನು ಇಟ್ಟಿಗೆ ಕುಡಿದುಬಿಡುತ್ತದೆ. ಸುಣ್ಣವನ್ನು ಹಾಲಿನಷ್ಟು ತೆಳುವಾಗಿ ಕಲಸಿ, ಅಗಲ ಕುಂಚದಿಂದ ಅಡ್ಡ ಒಮ್ಮೆ ಉದ್ದ ಒಮ್ಮೆ ಎಳೆಯುತ್ತಾರೆ. ಮೊದಲ ಕೈ ಬಳಿದಾಗ ಗೋಡೆಗೆ ನೀರು ಚಿಮುಕಿಸಿದಂತೆ ಕಾಣುತ್ತದೆ, ಏನೂ ಆಗಲಿಲ್ಲವೆನಿಸುತ್ತದೆ. ಒಣಗುತ್ತ ಒಣಗುತ್ತ ಬಿಳುಪು ಮೂಡುತ್ತದೆ. ಹೊಸಬರು ಇಲ್ಲೇ ಆತುರಬಿದ್ದು ದಪ್ಪಗೆ ಬಳಿಯುತ್ತಾರೆ, ದಪ್ಪ ಸುಣ್ಣ ಚಕ್ಕೆಯಾಗಿ ಉದುರುತ್ತದೆ. ದಿನಕ್ಕೊಂದರಂತೆ ಮೂರು ನಾಲ್ಕು ತೆಳು ಕೈ ಹೊಡೆದರೆ ಕೆಲಸ ನಿಲ್ಲುತ್ತದೆ.

ಎಲ್ಲವೂ ಬಿಳಿಯೇ ಆಗಿರಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂರಕ್ಷಣಾ ತಜ್ಞರು 2000ದ ದಶಕದ ಮೊದಲ ವರ್ಷಗಳಲ್ಲಿ ಸೇಂಟ್ ಲೂಯಿಸ್ ನಂಬರ್ 1ರ ಸಮಾಧಿಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಹಳೆಯ ಪದರಗಳಲ್ಲಿ ಕಾವಿ, ಹಳದಿ, ಬೂದುಬಣ್ಣ ಬೆರೆಸಿದ ಸುಣ್ಣವೂ ಸಿಕ್ಕಿತು. ಇಂದು ಬೆಳ್ಳಗೆ ಕಾಣುವ ಓಣಿಗಳು ಒಂದು ಕಾಲಕ್ಕೆ ಸಾಕಷ್ಟು ಬಣ್ಣದವಾಗಿದ್ದವು.

ಇಷ್ಟೆಲ್ಲ ತಯಾರಿ ನವೆಂಬರ್ 1ರ ಸಕಲ ಸಂತರ ಹಬ್ಬಕ್ಕೆ. ದೀಪಾವಳಿಗೆ ಮುಂಚೆ ನಮ್ಮ ಹಳ್ಳಿಮನೆಗಳಿಗೆ ಸುಣ್ಣ ಬೀಳುವ ಹಾಗೆ ಅಲ್ಲಿ ಹಬ್ಬದ ಹಿಂದಿನ ವಾರಗಳಲ್ಲಿ ಸಮಾಧಿಗೆ ಸುಣ್ಣ ಬೀಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಂದು ಊರೇ ಸ್ಮಶಾನದಲ್ಲಿರುತ್ತಿತ್ತು. ಗೇಟಿನ ಹೊರಗೆ ತಿಂಡಿ ಮಾರುವವರು, ಹೂವಿನವರು. ಅನಾಥ ಮಕ್ಕಳನ್ನು ಕರೆದುಕೊಂಡು ಕಾಣಿಕೆ ಎತ್ತುವ ಸನ್ಯಾಸಿನಿಯರು. ಹೂವೆಂದರೆ ಮುಖ್ಯವಾಗಿ ಆ ಋತುವಿನ ಸೇವಂತಿಗೆ. ಅದು ಬಾಡುತ್ತದೆಂದು ಗಾಜಿನ ಮಣಿಗಳನ್ನು ತಂತಿಗೆ ಪೋಣಿಸಿದ ಮಾಲೆಗಳನ್ನೂ ತೂಗುಹಾಕುತ್ತಿದ್ದರು. ಪಾದ್ರಿ ಸಾಲುಗಳ ನಡುವೆ ನಡೆದು ಪವಿತ್ರ ಜಲ ಚಿಮುಕಿಸಿ ಸಮಾಧಿಗಳನ್ನು ಹರಸುವುದು ಈಗಲೂ ನಡೆಯುತ್ತದೆ. ಸರೋವರದ ಉತ್ತರ ದಂಡೆಯ ಲಕೋಂಬ್ ಎಂಬಲ್ಲಿ ಫ್ರೆಂಚ್, ಆಫ್ರಿಕನ್ ಬೆರೆತ ಮೂಲದ ಕ್ರಿಯೋಲ್ ಕುಟುಂಬಗಳು ಗೋರಿಗಳನ್ನು ಬೆಳ್ಳಗೆ ಮಾಡಿ, ಅಂದು ಮುಸ್ಸಂಜೆ ಮೇಣದಬತ್ತಿ ಹಚ್ಚುವ ಪದ್ಧತಿ ಉಳಿಸಿಕೊಂಡಿವೆ. ಮರುದಿನ, ನವೆಂಬರ್ 2ರ ಮೃತರ ಸ್ಮರಣೆಯಂದು, ಬೆಂಗಳೂರು, ಮಂಗಳೂರುಗಳ ಕ್ಯಾಥೊಲಿಕ್ ಸ್ಮಶಾನಗಳಲ್ಲೂ ಹೂವು, ಮೇಣದಬತ್ತಿ ಹಿಡಿದ ಕುಟುಂಬಗಳನ್ನು ಕಾಣಬಹುದು.

ಪದ್ಧತಿ ಸಡಿಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಜನ ಹೊರಬಡಾವಣೆಗಳಿಗೆ, ಬೇರೆ ರಾಜ್ಯಗಳಿಗೆ ಹೋದರು. ಅದೇ ಹೊತ್ತಿಗೆ ಸಿಮೆಂಟು, ಪ್ಲಾಸ್ಟಿಕ್ ಬಣ್ಣ ಕೈಗೆಟಕಿದವು. ಒಮ್ಮೆ ಮಾಡಿದರೆ ಮತ್ತೆ ನೋಡಬೇಕಿಲ್ಲ ಎಂಬ ಭರವಸೆಯಿಂದ ಎಷ್ಟೋ ಸಮಾಧಿಗಳಿಗೆ ಸಿಮೆಂಟ್ ಗಿಲಾವು ಬಿತ್ತು. ನೆಲದ ತೇವ ಇಟ್ಟಿಗೆಯಲ್ಲಿ ಮೇಲಕ್ಕೇರುವುದು ನಿಲ್ಲುವುದಿಲ್ಲ. ಸುಣ್ಣದ ಗಾರೆಯಾಗಿದ್ದರೆ ಅದು ಆವಿಯಾಗಿ ಹೊರಬೀಳುತ್ತಿತ್ತು. ಸಿಮೆಂಟು ಅದಕ್ಕೆ ದಾರಿ ಕೊಡುವುದಿಲ್ಲ. ಒಳಗೆ ಸಿಕ್ಕಿದ ನೀರಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಒಡೆಯುತ್ತದೆ. ಹೊರಗೆ ನಯವಾದ ಗೋಡೆ, ಒಳಗೆ ಕೆಂಪು ಪುಡಿ. ಒಂದು ದಿನ ಗಿಲಾವು ಹಲಗೆಯಾಗಿ ಕಳಚಿ ಬಿದ್ದಾಗ ಅದರ ಹಿಂದೆ ಕಟ್ಟಲು ಇಟ್ಟಿಗೆಯೇ ಉಳಿದಿರುವುದಿಲ್ಲ. ಪ್ಲಾಸ್ಟಿಕ್ ಬಣ್ಣದ್ದೂ ಇದೇ ತೊಂದರೆ. 2013ರ ಡಿಸೆಂಬರಿನಲ್ಲಿ, ಸೇಂಟ್ ಲೂಯಿಸ್ ನಂಬರ್ 1ರಲ್ಲಿರುವ, ವೂಡೂ ಎಂಬ ಆಫ್ರಿಕಾ ಮೂಲದ ಮತಾಚರಣೆಯ ರಾಣಿ ಎಂದು ಹೆಸರಾದ ಮರಿ ಲವೋಳದೆಂದು ನಂಬಲಾದ ಸಮಾಧಿಗೆ ಯಾರೋ ರಾತ್ರೋರಾತ್ರಿ ಗುಲಾಬಿ ಲೇಟೆಕ್ಸ್ ಬಣ್ಣ ಬಳಿದರು. ಅದನ್ನು ತೆಗೆಯಲು ನೀರನ್ನು ಒತ್ತಡದಲ್ಲಿ ಹಾಯಿಸಿದಾಗ ಹಳೆಯ ಗಾರೆಯೂ ಕಿತ್ತುಬರತೊಡಗಿ, ಆ ಕೆಲಸವನ್ನು ನಿಲ್ಲಿಸಬೇಕಾಯಿತು. 2014ರಲ್ಲಿ ಕುಶಲಿಗಳು ಬಣ್ಣವನ್ನು ಜೋಪಾನವಾಗಿ ತೆಗೆದು ಮತ್ತೆ ಗಾರೆ, ಸುಣ್ಣ ಮಾಡಿದರು. 2015ರಿಂದ ಆ ಸ್ಮಶಾನಕ್ಕೆ ಪರವಾನಗಿ ಇರುವ ಗೈಡ್ ಜೊತೆ ಬಂದವರಿಗೆ ಮತ್ತು ಸಮಾಧಿ ಇರುವ ಕುಟುಂಬದವರಿಗೆ ಮಾತ್ರ ಪ್ರವೇಶ.

ಇದಕ್ಕೂ ಮೊದಲೇ, ಸೇಂಟ್ ಲೂಯಿಸ್ ನಂಬರ್ 2ರ ಗೋಡೆಗೂಡುಗಳನ್ನು ಕೆಡವುವ ಯೋಜನೆಗೆ ಎದುರಾಗಿ 1974ರಲ್ಲಿ ‘ಸೇವ್ ಅವರ್ ಸೆಮೆಟ್ರೀಸ್’ ಸಂಸ್ಥೆ ಹುಟ್ಟಿತ್ತು. ಗೂಡುಗಳು ಉಳಿದವು. 2005ರ ಕತ್ರಿನಾ ಚಂಡಮಾರುತದ ನೆರೆ ಹಲವು ಸಮಾಧಿಗಳ ಮೇಲೆ ಕಂದು ಗೆರೆ ಬಿಟ್ಟು ಇಳಿದುಹೋಯಿತು. ನೆರೆಗಿಂತ ಬಿಡಿಸಲಾಗದ ತೊಡಕು ಒಡೆತನದ್ದು. ಹಳೆಯ ಸಮಾಧಿಗಳ ಪಾಲನೆ ವಾರಸುದಾರರ ಹೊಣೆ, ಸ್ಮಶಾನದ ಆಡಳಿತದ್ದಲ್ಲ. ಐದಾರು ತಲೆಮಾರು ಕಳೆದ ಮೇಲೆ ವಾರಸುದಾರರು ಹತ್ತಾರು ಊರುಗಳಲ್ಲಿ ಹಂಚಿಹೋಗಿರುತ್ತಾರೆ. ಯಾರ ಒಪ್ಪಿಗೆಯಿಂದ ಯಾರು ದುರಸ್ತಿ ಮಾಡಬೇಕು ಎಂಬುದೇ ತೀರ್ಮಾನವಾಗುವುದಿಲ್ಲ.

ಹಾಗೆಂದು ವಿದ್ಯೆ ಅಳಿದಿಲ್ಲ. ಸುಣ್ಣದ ಕೆಲಸವನ್ನೇ ಕಸುಬಾಗಿ ಮಾಡಿಕೊಂಡ ಗಾರೆ ಕೆಲಸದವರು ಊರಿನಲ್ಲಿದ್ದಾರೆ. ಲೂಸಿಯಾನಾದ ನ್ಯಾಕಿಟಶ್‌ನಲ್ಲಿರುವ, ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಸಂರಕ್ಷಣಾ ತಂತ್ರಜ್ಞಾನ ಕೇಂದ್ರ ಸಮಾಧಿ ತೊಳೆಯುವ, ದುರಸ್ತಿ ಮಾಡುವ ತರಬೇತಿಗಳನ್ನು ನಡೆಸಿಕೊಂಡು ಬಂದಿದೆ.

ಸುಣ್ಣ ಬೇಗ ಮಾಸುತ್ತದೆ, ಪದೇ ಪದೇ ಬಳಿಯಬೇಕು ಎಂದು ಅದನ್ನು ದೂರುವವರಿದ್ದಾರೆ. ನನಗೆ ಅದು ದೋಷವಾಗಿ ಕಾಣುವುದಿಲ್ಲ. ಮಾಸುವ ಕಾರಣಕ್ಕೇ ಮನೆಯವರು ವರ್ಷ ವರ್ಷ ಬರಬೇಕಾಗುತ್ತಿತ್ತು. ಬಂದಾಗ ಹೂವಿಡುತ್ತಿದ್ದರು, ಮಕ್ಕಳಿಗೆ ಫಲಕದ ಹೆಸರುಗಳನ್ನು ಓದಿ ಯಾರು ಯಾರಿಗೆ ಏನಾಗಬೇಕೆಂದು ಹೇಳುತ್ತಿದ್ದರು. ಬಿರುಕು ಕೂದಲೆಳೆಯಷ್ಟಿದ್ದಾಗಲೇ ಅವರ ಕಣ್ಣಿಗೆ ಬೀಳುತ್ತಿತ್ತು, ಒಂದು ಕರಣೆ ಗಾರೆಯಲ್ಲಿ ಮುಚ್ಚಿಹೋಗುತ್ತಿತ್ತು. ಮೂವತ್ತು ವರ್ಷ ಬಿಟ್ಟು ಬಂದವರಿಗೆ ಅದೇ ಬಿರುಕಿಗೆ ಮೇಸ್ತ್ರಿ ಬೇಕು, ಅನುಮತಿ ಪತ್ರ ಬೇಕು, ಸಾವಿರಾರು ಡಾಲರ್ ಬೇಕು. ಸಮಾಧಿ ಉಳಿಸಬೇಕೆಂದು ನಿಧಿ ಎತ್ತುವ, ಸಮಿತಿ ಮಾಡುವ ಊರುಗಳು ಈ ಲೆಕ್ಕವನ್ನು ಗಮನದಲ್ಲಿಡುವುದು ಒಳ್ಳೆಯದು: ದೊಡ್ಡ ಜೀರ್ಣೋದ್ಧಾರಕ್ಕಿಂತ ವರ್ಷಕ್ಕೊಂದು ಬಕೆಟ್ಟು ಸುಣ್ಣ ಅಗ್ಗ, ಮತ್ತು ಅದನ್ನು ಬಳಿಯಲು ಮನೆಯವರೇ ಸಾಕು.